ಮೊದಲ ಕರೆ ತನ್ನ ಫೋನಿಗೇ

ಬೆಳಗಿನ ಐದೂಕಾಲು. ಡಯಾಲಿಸಿಸ್ ವಾರ್ಡಿನ ಹೊರಗೆ, ಒಂಟಿ ಟ್ಯೂಬ್‌ಲೈಟಿನ ಕೆಳಗೆ, ಚೀಟಿ ಅಕ್ಕ ಕಂಪ್ಯೂಟರಿನ ಗುಂಡಿ ಒತ್ತಿ ತಮ್ಮ ಫೋನನ್ನೇ ಕಿವಿಗೆ ಹಿಡಿಯುತ್ತಾರೆ. 'ಇವತ್ತು ನಿಮ್ಮ ಸರದಿ. ಏಳು ಗಂಟೆಗೆ ಬನ್ನಿ' ಎಂಬ ದನಿ. ಕೊನೆಯ ಅಕ್ಷರದವರೆಗೂ ಕೇಳಿ ಉಸಿರು ಬಿಡುತ್ತಾರೆ. "ಇವತ್ತಿಗೆ ದನಿ ಬದುಕಿದೆ." ರೋಗಿಗಳಿಗೆ ಕರೆ ಹೋಗುವುದು ಆಮೇಲೆಯೇ.

ವಯಸ್ಸು ನಲವತ್ತಾರು. ರೋಗಿಗಳ ಸರದಿ ಚೀಟಿ ಬರೆಯುವ ಕೆಲಸದಿಂದ ಆ ಹೆಸರು ಅಂಟಿಕೊಂಡಿದೆ. ಯಂತ್ರ ಒಂಬತ್ತು, ಪಾಳಿ ಎರಡು, ದಿನ ಬಿಟ್ಟು ದಿನ ಬರುವ ರೋಗಿಗಳು ಮೂವತ್ತಾರು. ಒಂದು ಯಂತ್ರ ಕೆಟ್ಟರೂ ಸರದಿಯೆಲ್ಲ ಅದಲುಬದಲು. ಹಲವರಿಗೆ ಓದು ಬಾರದು, ಕೆಲವರಿಗೆ ಕಣ್ಣು ಮಂಜು. ಅವರಿಗೆಂದೇ ಅಕ್ಕ ರಜೆಯ ದಿನಗಳಲ್ಲಿ ಕೂತು, ತುಣುಕು ತುಣುಕು ಜೋಡಿಸಿ ಆ್ಯಪ್ ಕಟ್ಟುವ ಒಂದು ಕ್ಲೌಡ್ ವೇದಿಕೆಯಲ್ಲಿ ಸರದಿಯ ಆ್ಯಪ್ ಕಟ್ಟಿದರು. ಆ ವೇದಿಕೆಗೆ ಸಂದೇಶ ಬರೆಯಲು ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಹುಡುಕಿ ಹುಡುಕಿ ಕರೆ ಮಾಡಿ ಸಂದೇಶಕ್ಕೆ ದನಿ ಕೊಡುವ ಆ್ಯಡ್-ಆನ್ ಒಂದನ್ನು, ಅಂದರೆ ಹೆಚ್ಚುವರಿ ತುಣುಕೊಂದನ್ನು, ತಂದು ಸೇರಿಸಿದರು. ಅದರ ಕೆಳಗೆ ಬರೆದಿತ್ತು: ಪ್ರಯೋಗಕ್ಕೆ ಮಾತ್ರ, ಯಾವಾಗ ಬೇಕಾದರೂ ಬದಲಾಗಬಹುದು.

"ಓದಿದ್ದೆ. ಓದಿಯೇ ಸೇರಿಸ್ದೆ. ಎರಡು ತಿಂಗಳು ಸರಿಯಾಗಿ ನಡೀತಲ್ಲ, ಆ ಸಾಲು ಮರೆತೇ ಹೋಯ್ತು" ಎನ್ನುತ್ತಾರೆ ಅಕ್ಕ.

ಮನೆಯಲ್ಲಿ ಅತ್ತೆಯ ಚುಚ್ಚುಮಾತು ಬೇರೆ: "ಕಟ್ಕೊಂಡ ಗಂಡನ್ನ ಎಬ್ಬಿಸೋಕಾಗಲ್ಲ, ಊರನ್ನೆಲ್ಲ ಎಬ್ಬಿಸೋಕೆ ಹೊರಟಳು ಮಹಾತಾಯಿ!"

ಹೋದ ವರ್ಷ ಒಂದು ಬೆಳಗ್ಗೆ ಆ್ಯಡ್-ಆನ್ ತನಗೆ ತಾನೇ ಬದಲಾಯಿತು. ಕರೆಗಳು ಹೋದವು, ದನಿ ಹೋಗಲಿಲ್ಲ. ಪರದೆಯ ಮೇಲೆ ಮಾತ್ರ 'ತಲುಪಿದೆ' ಎಂಬ ಹಸಿರು ಗುರುತು. ಯಂತ್ರ ಕೆಟ್ಟು ಹಿಂದಿನ ದಿನ ತಪ್ಪಿದ್ದ ಸರದಿ ಅಂದು ದರ್ಜಿ ತಾತನಿಗೆ ಸಿಗಬೇಕಿತ್ತು. ತಾತ ಹಲೋ ಹಲೋ ಎಂದು ಕೂಗಿ, ಯಾರದೋ ಕೀಟಲೆಯೆಂದು ಫೋನಿಟ್ಟರು. ಮೂರನೆಯ ದಿನ ಕಾಲು ಊದಿಸಿಕೊಂಡು, ಉಸಿರಿಗೆ ಪರದಾಡುತ್ತ ಬಂದರು.

"ಏನಮ್ಮಾ, ಫೋನ್ ಮಾಡಿ ಸುಮ್ಮನಿದ್ರೆ ನಾನೇನು ಅಂತ ತಿಳ್ಕೊಳ್ಳಲಿ?" ಎಂದರಷ್ಟೆ. ಆ ತಿಂಗಳು ದಾಟಲಿಲ್ಲ. ಹೃದಯ ಮೊದಲೇ ಸೋತಿತ್ತು ಎಂದರು ಡಾಕ್ಟರು. ಅಕ್ಕ ಆ ಮಾತನ್ನು ಒಪ್ಪಿಲ್ಲ, ತಳ್ಳಿಯೂ ಹಾಕಿಲ್ಲ. ಅಂದಿನಿಂದ ಮೊದಲ ಕರೆ ತಮಗೇ.

ಈಗ ವೇದಿಕೆಯವರ ನೋಟಿಸು ಬಂದಿದೆ: ತಿಂಗಳ ಕೊನೆಗೆ ಆ ಆ್ಯಡ್-ಆನ್ ತೆಗೆಯುತ್ತಾರೆ. ಬದಲಿ ಇಲ್ಲ. ಅಕ್ಕ ನಾಲ್ಕು ಸಲ ಬರೆದರು. ಬಂದದ್ದು ಒಂದೇ ಉತ್ತರ, 'ಬಳಸಿ ನೋಡಿದ್ದಕ್ಕೆ ಧನ್ಯವಾದ.'

"ಇನ್ನೇನು ಮಾಡ್ತೀರಿ ಅಕ್ಕಾ, ಡಂಗುರ ಹೊಡಿಸ್ತೀರಾ?" ಎಂದು ನರ್ಸಮ್ಮ ನಗಿಸಲು ನೋಡುತ್ತಾರೆ. ಅಕ್ಕ ನಗುವುದಿಲ್ಲ.

"ನಾನೇ ಮಾಡ್ತೀನಿ ಸಿಸ್ಟರ್. ದಿನಕ್ಕೆ ಹದಿನೆಂಟು ಕರೆ, ಒಂದು ಗಂಟೆ ಮುಂಚೆ ಬಂದ್ರಾಯ್ತು. ಮೂವತ್ತಾರೂ ನಂಬರು ಬಾಯಿಗೆ ಬರ್ತವೆ. ನನಗೆ ಜ್ವರ ಬಂದ ದಿನ ಏನು ಗತಿ ಅನ್ನೋದೊಂದೇ ಯೋಚನೆ. ಇನ್ನೊಬ್ಬರು ಯಾರಾದ್ರೂ ಈ ಕೆಲಸ ಕಲಿತ್ಕೊಂಡ್ರೆ ಸಾಕಾಗಿತ್ತು."