ಫೋನ್ ಮಾಡುವವರು ಯಾರು

ನಮ್ಮಮ್ಮನ ಅಕ್ಕ, ದೊಡ್ಡಮ್ಮ, ವಿದ್ಯಾರಣ್ಯಪುರದ ತನ್ನ ಬೀದಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಸರಸರ ನಡೆದು ಹೊರಟಳೆಂದರೆ ಜನ ಬಾಗಿಲಿಗೆ ಬಂದು, "ಯಾರ ಮನೇಲಿ ಹೋಗ್ಬುಟ್ರು?" ಎಂದು ಕೇಳುತ್ತಿದ್ದರು. ಬೀದಿದೀಪ, ನಲ್ಲಿ ನೀರು, ಕಸದ ತೊಟ್ಟಿ ಎಂದು ನಗರಪಾಲಿಕೆಯವರ ತಲೆ ತಿಂದದ್ದೂ ಅವಳೇ. ಆದರೆ ತೊಂಬತ್ತರ ದಶಕದಲ್ಲಿ ನೇತ್ರದಾನದ ಕೆಲಸ ಹಚ್ಚಿಕೊಂಡ ಮೇಲೆ ಉಳಿದದ್ದೆಲ್ಲ ಹಿಂದೆ ಬಿತ್ತು. ಸಾವಿನ ಮನೆಗೆ ಬೇರೆಯವರು ಹಾರ ಹಿಡಿದು ಹೋದರೆ ಇವಳು ಹತ್ತಿ ಹಿಡಿದು ಹೋಗುತ್ತಿದ್ದಳು.

ಹೋದವಳು ಮೊದಲು ಫ್ಯಾನ್ ಆರಿಸುವಳು, ಗಾಳಿಗೆ ಕಣ್ಣು ಒಣಗಬಾರದು. ಆಮೇಲೆ ಹಿರಿಯರ ಪಕ್ಕ ಕೂತು ಮೆಲ್ಲಗೆ ಮಾತು ತೆಗೆಯುವಳು. ಒಪ್ಪಿದರೆ ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು, ತನ್ನ ಮನೆಗೆ ಓಡಿ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡುವಳು. ಜೀವ ಹೋದ ಆರು ಗಂಟೆಯೊಳಗೆ ಅವರು ಬಂದು ತೆಗೆಯದಿದ್ದರೆ ಆ ಕಣ್ಣು ಯಾರಿಗೂ ದಕ್ಕುವುದಿಲ್ಲ. ಕೆಲವರು, "ಹೆಣದ ಮುಂದೆ ನಿಂತು ಎಂಥ ಮಾತಾಡ್ತೀರಿ?" ಎಂದು ಅಟ್ಟಿದ್ದೂ ಉಂಟು. ಅಂಥ ದಿನ ಯಾದವಗಿರಿಯ ನಮ್ಮ ಮನೆಗೆ ಬಂದು ಕಾಫಿ ಕುಡಿದು, "ಸಂಕಟ ಮಾತಾಡ್ಸುತ್ತೆ ಕಣೇ, ಅವರು ಕೆಟ್ಟೋರಲ್ಲ" ಎನ್ನುವಳು. ನಾನಾಗಿದ್ದರೆ ಆ ಬೀದಿಗೆ ಮತ್ತೆ ಕಾಲಿಡುತ್ತಿರಲಿಲ್ಲ.

ತನ್ನ ಕಣ್ಣನ್ನೂ ಬರೆದುಕೊಟ್ಟಿದ್ದಳು. ಎಂಬತ್ತು ದಾಟಿದ ಮೇಲೆ ಮಂಡಿ, ಕಿವಿ ಎಲ್ಲ ಕೈಕೊಟ್ಟವು. "ಕಣ್ಣೊಂದು ಚೆನ್ನಾಗಿದೆ, ಅದನ್ನ ಹಾಳು ಮಾಡ್ಬೇಡ್ರಪ್ಪ" ಎನ್ನುತ್ತಿದ್ದಳು. ಅವಳು ತನಗೆ ಅಂತ ನಮ್ಮನ್ನು ಕೇಳಿದ್ದು ಅದೊಂದೇ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಬೇಸಿಗೆಯ ಬೆಳಿಗ್ಗೆ, ಲಿಂಗಪೂಜೆ ಮುಗಿಸಿ ಕೂತಲ್ಲೇ ಹೋದಳು. ನಾನು ಹಾಸನದಲ್ಲಿದ್ದೆ. ಬಸ್ಸು ಹಿಡಿದು ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ರೆಪ್ಪೆಗಳ ಮೇಲಿನ ಒದ್ದೆ ಹತ್ತಿ ಜಾರದಂತೆ ಪಕ್ಕದ ಮನೆಯಾಕೆ ಕೈಯಲ್ಲೇ ಹಿಡಿದು ಕೂತಿದ್ದರು. ಇಡೀ ಬೀದಿ ಅಲ್ಲಿ ಬೆವರು ಒರೆಸಿಕೊಳ್ಳುತ್ತಿತ್ತು, ಒಬ್ಬರೂ ಫ್ಯಾನ್ ಹಾಕಿ ಎನ್ನಲಿಲ್ಲ. ಅವಳು ಇಷ್ಟು ವರ್ಷ ಹೇಳಿಕೊಟ್ಟದ್ದನ್ನು ಎಲ್ಲರೂ ಕಲಿತಿದ್ದರು. ಅಳುವಿನಲ್ಲೂ ನನಗೆ ಹೆಮ್ಮೆಯಾಯಿತು.

"ಆಸ್ಪತ್ರೆಯವರು ಬಂದು ಹೋದ್ರಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ಅದಕ್ಕೇ ಕಾಯ್ತಾ ಇದೀವಿ" ಎಂದರು ಆಕೆ.

"ಫೋನ್ ಮಾಡಿದ್ಯಾರು?"

ಆಕೆ ದೊಡ್ಡಮ್ಮನ ಮಗನ ಮುಖ ನೋಡಿದರು. ಅಣ್ಣ ಎದುರು ಮನೆಯ ಮೇಷ್ಟ್ರ ಮುಖ ನೋಡಿದ. "ನೀವು ಮಾಡಿದ್ದೀರಿ ಅಂತ ನಾನು..." ಎಂದು ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು.

"ಯಾವಾಗ್ಲೂ ಅಮ್ಮನೇ ಮಾಡ್ತಿದ್ಲಲ್ಲ" ಎಂದ ಅಣ್ಣ. ಹೇಳಿದವನೇ ಬಾಯಿಗೆ ಟವೆಲ್ ಒತ್ತಿಕೊಂಡ.

ಯಾರಿಗೂ ನಂಬರ್ ಗೊತ್ತಿರಲಿಲ್ಲ. ಡೈರೆಕ್ಟರಿಯಲ್ಲಿ ಹುಡುಕಿ ನಾನೇ ಮಾಡಿದೆ. ಅತ್ತಲಿನ ಹೆಂಗಸು ಜೀವ ಹೋದ ಹೊತ್ತು ಕೇಳಿ, ಈಗ ತುಂಬ ತಡವಾಯಿತು, ಪ್ರಯೋಜನವಿಲ್ಲ ಎಂದರು. ಮನೆ ಯಾವ ಕಡೆ ಎಂದು ವಿಚಾರಿಸಿ, ನೊಂದ ದನಿಯಲ್ಲೇ ಗದರಿದರು: "ನಿಮ್ಮ ಬೀದೀಲಿ ಒಬ್ರು ಅಜ್ಜಿ ಇದಾರಲ್ಲಮ್ಮ, ನಮಗೆ ಯಾವಾಗ್ಲೂ ಫೋನ್ ಮಾಡ್ತಾರೆ. ಅವರಿಗೊಂದು ಮಾತು ತಿಳಿಸಬಾರದಾಗಿತ್ತಾ?"

"ಹೋಗಿರೋದು ಅವರೇ ಕಣಮ್ಮ" ಎಂದೆ.