ಮೀನಿಗೆ ಬೇಯಿಸಿದ ಉಂಡೆ

ಬಾಳಗಡಿಯ ಅಂಗಡಿಯಲ್ಲಿ ಹಸುವಿಗೆಂದು ಶೇಂಗಾ ಹಿಂಡಿ ತೂಗಿಸುತ್ತಿದ್ದೆ. ಆ ಎಣ್ಣೆ ಎಣ್ಣೆ ವಾಸನೆ ನನ್ನನ್ನು ಎನ್.ಆರ್.ಪುರದ ಅತ್ತೆಯ ಅಡುಗೆಮನೆಗೆ ಎಳೆದೊಯ್ಯಿತು.

ಅತ್ತೆಗೆ ಗಾಳ ಹಾಕುವ ಹುಚ್ಚು. ಆದರೆ ಊರ ಪಕ್ಕದ ಅಣೆಕಟ್ಟಿನ ಹಿನ್ನೀರಿನ ಪುಡಿಮೀನುಗಳು ಅವರು ಕೊಕ್ಕೆಗೆ ಸಿಕ್ಕಿಸಿದ ಮೆತ್ತನೆಯ ಹಿಟ್ಟನ್ನು ಕಚ್ಚಿ ಕಚ್ಚಿ ಖಾಲಿ ಮಾಡುತ್ತಿದ್ದವು. ದೊಡ್ಡ ಕಾಟ್ಲಾ ಮೀನು ಬರುವಷ್ಟರಲ್ಲಿ ಬರೀ ಕೊಕ್ಕೆ ಉಳಿದಿರುತ್ತಿತ್ತು.

"ನೀನು ಮೀನು ಹಿಡೀತಿಲ್ಲ ಮಾರಾಯ್ತಿ, ಸಾಕ್ತಿದ್ದೀಯ" ಎಂದು ಮಾವ ದಿನವೂ ನಗುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ಕಡುಬಿಗೆ ನೀರಿಟ್ಟವರು ಏನೋ ಹೊಳೆದಂತೆ ನಿಂತರು. ಕೊಟ್ಟಿಗೆಯ ಹಿಂಡಿ, ತೌಡು, ಒಂದಿಷ್ಟು ರಾಗಿಹಿಟ್ಟು ಸೇರಿಸಿ, ಮನೆಯ ಕೋಳಿಯ ಮೊಟ್ಟೆ ಒಡೆದು ಕಲಸಿದರು. ಅದಕ್ಕೆಂದೇ ಅಂಗಡಿಯಿಂದ ತಂದದ್ದು ಏನೂ ಇರಲಿಲ್ಲ. ಗೋಲಿಯಷ್ಟು ಉಂಡೆಗಳನ್ನು ಕುದಿಯುವ ನೀರಿಗೆ ಹಾಕಿ, ಮೇಲೆ ತೇಲಿದವನ್ನು ತೆಗೆದು ಮೊರದಲ್ಲಿ ಆರಿಸಿದರು. ಉಂಡೆಗಳ ಹೊರಮೈ ಗಟ್ಟಿಯಾಯಿತು.

ತೋಟದಿಂದ ಬಂದ ಮಾವ ಮೊರ ಕಂಡು ಎರಡು ಉಂಡೆ ಬಾಯಿಗೆ ಹಾಕಿಕೊಂಡರು.

"ಉಪ್ಪು ಕಮ್ಮಿ ಆಗಿದೆ ಕಣೇ."

"ಮೀನಿಗೆ ಉಪ್ಪು ಬೇಡ" ಎಂದರು ಅತ್ತೆ, ತಲೆ ಎತ್ತದೆ.

ಅಂದು ಸಂಜೆ ಪುಡಿಮೀನುಗಳು ಉಂಡೆಯನ್ನು ಮೂತಿಯಲ್ಲಿ ತಳ್ಳಿ ಸೋತವು. ಕೊನೆಗೆ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಆ ಕಾಟ್ಲಾವನ್ನು ಹೊತ್ತು ತಂದವರು ಮಾವ. ಮರುದಿನ ಉಂಡೆಗೆ ನೀರಿಟ್ಟವರೂ ಅವರೇ.

ಹಿಂಡಿಯ ಚೀಲವನ್ನು ಸ್ಕೂಟರಿಗೇರಿಸಿ ಅತ್ತೆಗೆ ಫೋನ್ ಮಾಡಿ ಆ ಉಂಡೆಯ ಅಳತೆ ಕೇಳಿದೆ. ಮಾವ ತೀರಿಕೊಂಡ ಮೇಲೆ ಅವರು ಗಾಳ ಮುಟ್ಟಿರಲಿಲ್ಲ.

"ಅಳತೆ ಎಲ್ಲ ಹೇಳಕ್ಕೆ ಬರಲ್ಲ. ನಾನೇ ಬರ್ತೀನಿ, ಎರಡು ಗಾಳ ಇಟ್ಕೊ" ಎಂದರು. "ಉಪ್ಪು ಮಾತ್ರ ಹಾಕ್ಬೇಡ."