ಕರ್ತನು ಬರುವ ತನಕ ನೀರು ಬೇಕು

ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರು ನನ್ನ ಕೈಯಲ್ಲಿದ್ದ ಅರ್ಜಿಯನ್ನು ಓದಿ, ಮಡಚಿ, ನನಗೇ ವಾಪಸು ಕೊಟ್ಟರು. ಗೋವಾದ ವಾಸ್ಕೋದಲ್ಲಿ ಗುಡ್ಡದ ಮೇಲಿನ ನಮ್ಮ ಓಣಿಗೆ ನಳ ಹಾಕಿಸಿಕೊಡಿ ಎಂದು ಬರೆದ ಅರ್ಜಿ ಅದು.

"ತಂಗೆವ್ವಾ, ಯುದ್ಧ ನೋಡು, ರೋಗ ನೋಡು. ಎಲ್ಲಾ ಗುರುತು ಕಾಣಾಕತ್ತಾವ. ಈ ಲೋಕ ಇನ್ನೆಷ್ಟು ದಿನ ಐತಿ? ನಳಕ್ಕಂತ ಓಡಾಡೋದು ಬಿಟ್ಟು ಪ್ರಾರ್ಥನಿಗೆ ಕೂಡು," ಎಂದರು.

ಸುತ್ತಲಿನ ಹೆಂಗಸರು "ಸ್ತೋತ್ರ" ಎಂದರು. ಸಹಿ ಮಾಡಲು ಬಂದಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು.

ನನಗೆ ಮೈ ಉರಿಯಿತು. ನಳ ಇದ್ದದ್ದು ಗುಡ್ಡದ ಬುಡದಲ್ಲಿ. ವೆರ್ಣಾದ ಗುಳಿಗೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ನನ್ನದು. ಮೊದಲ ಪಾಳಿಯ ಕಂಪನಿ ಬಸ್ಸು ಬರುವಷ್ಟರಲ್ಲಿ ನಾನೂ ಅಕ್ಕನೂ ನಾಲ್ಕು ನಾಲ್ಕು ಕೊಡ ಹೊತ್ತು ಮೆಟ್ಟಿಲು ಹತ್ತಬೇಕಿತ್ತು. ಪಾಸ್ಟರ ಮನೆಯೂ ಬುಡದಲ್ಲೇ ಇತ್ತು.

ಆದರೂ ಅವರ ಎದುರು ಮಾತಾಡಲು ಬಾಯಿ ಬರಲಿಲ್ಲ. ನಾವು ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದ ಹೊಸದರಲ್ಲಿ ಭಾವ ಕುಡಿದು ಕುಡಿದು ಸಾಯುವ ಹಂತಕ್ಕೆ ಹೋಗಿದ್ದರು. ಆಗ ಈ ಪಾಸ್ಟರು ತಿಂಗಳುಗಟ್ಟಲೆ ದಿನಾ ಸಂಜೆ ಬಂದು ಅವರ ಪಕ್ಕ ಕೂತರು. ಭಾವ ಕುಡಿತ ಬಿಟ್ಟರು, ನಾವು ಸಭೆಗೆ ಸೇರಿದೆವು. ಆ ಋಣ ಸಣ್ಣದಲ್ಲ.

ಮಳೆಗಾಲದಲ್ಲಿ ಅಕ್ಕ ಕೊಡ ಹೊತ್ತುಕೊಂಡೇ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಬಲಗೈ ಮುರಿಯಿತು. ಪಾಸ್ಟರು ಬಂದರು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ, "ಕಡೇ ದಿನದಾಗ ಶ್ರಮೆ ಹೆಚ್ಚಾಗತಾವು, ಸಹಿಸಬೇಕವ್ವಾ," ಎಂದರು.

"ಇದು ಶ್ರಮೆ ಅಲ್ರಿ ಪಾಸ್ಟರ್, ಪಾಚಿ," ಎಂದೆ. "ಮೆಟ್ಟಲ ಮ್ಯಾಲಿನ ಪಾಚಿ."

ಅಕ್ಕ ಪ್ಲಾಸ್ಟರು ಹಾಕಿದ ಕೈಯಲ್ಲೇ ನನ್ನನ್ನು ತಿವಿದಳು.

ಮುಂದಿನ ಭಾನುವಾರ ಪಾಸ್ಟರು ಸಭಾಮಂದಿರಕ್ಕೆ ಹೊಸ ತಗಡಿನ ಛಾವಣಿ ಹಾಕಿಸುವ ವಿಷಯ ಹೇಳಿದರು. ಇಪ್ಪತ್ತು ವರ್ಷ ಸೋರುವುದಿಲ್ಲವಂತೆ. ನಾನು ಎದ್ದು ನಿಂತಿದ್ದು ನನಗೇ ಗೊತ್ತಾಗಲಿಲ್ಲ.

"ಪಾಸ್ಟರ್, ಕರ್ತ ಇವತ್ತೋ ನಾಳೆನೋ ಬರ್ತಾನಂದ್ರ ಇಪ್ಪತ್ತು ವರ್ಷದ ತಗಡು ಯಾರಿಗ್ರಿ?"

ಪಾಸ್ಟರ ಮುಖ ಕೆಂಪಾಯಿತು. "ಇದು ದೇವರ ಮನಿ," ಎಂದರು.

"ಮ್ಯಾಲ ಗುಡ್ಡದಾಗ ಇರೋರು ಯಾರ ಮಕ್ಕಳ್ರಿ ಹಂಗಾರ?"

ಆಗ ಗೋಡೆಗೆ ಒರಗಿ ಕೂತಿದ್ದ ಒಬ್ಬ ಮುದುಕಿ ಬಾಯಿ ಬಿಟ್ಟಳು. ಬಂದರಿನಲ್ಲಿ ಕಸ ಗುಡಿಸಿ ಸವೆದ ಜೀವ. "ನಾನೂ ಅವನ ಹಾದಿನ ಕಾಯಾಕತ್ತೇನಿ," ಎಂದಳು. "ಬಂದಾಂವ ಮೊದಲ ಏನು ಕೇಳ್ತಾನ? ನೀರಡಿಸಿದೋರಿಗೆ ನೀರು ಕೊಟ್ಟೀಯೇನು ಅಂತಾನ. ನಳ ಇರಲಿಲ್ಲ, ಅರ್ಜಿಗೂ ಹೆಬ್ಬಟ್ಟು ಒತ್ತಲಿಲ್ಲ ಅಂತ ಹೇಳ್ಲೇನು?"

ನನ್ನ ಚೀಲದಲ್ಲಿದ್ದ ಅರ್ಜಿ ತೆಗೆಸಿ ಅಲ್ಲೇ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಉಳಿದವರು ಬಂದರು. ಪಾಸ್ಟರು ಬರಲಿಲ್ಲ.

ಮನೆಗೆ ಬಂದರೆ ಅಕ್ಕನ ಕಣ್ಣಲ್ಲಿ ನೀರು. "ಎಲ್ಲಾರ ಮುಂದ ಹಂಗ ಕೇಳಬಾರದಿತ್ತು. ನಿಮ್ಮ ಭಾವನ ಉಳಿಸಿದ ಮನಷ್ಯಾ ಅಂವ."

"ಉಳಿಸಿದ್ದು ಖರೇ ಅಕ್ಕಾ. ಅದಕ್ಕಂತ ನಿನ್ನ ಕೈ ಮುರಿದಿದ್ದು ಸುಳ್ಳಾಗತದೇನು?"

ಸಂಜೆ ಅವಳು ಅರ್ಜಿ ಕೇಳಿ ಇಸಕೊಂಡು ಎಡಗೈಯಲ್ಲಿ ಸೊಟ್ಟಸೊಟ್ಟ ಹೆಸರು ಬರೆದಳು.

ಆರೇಳು ಸಲ ನೀರು ಸರಬರಾಜು ಕಚೇರಿಗೆ ಅಲೆದ ಮೇಲೆ ನಳ ಬಂತು, ಅರ್ಧ ಗುಡ್ಡದ ತನಕ ಮಾತ್ರ. ಆ ವಾರ ಪಾಸ್ಟರು ಪ್ರಾರ್ಥನೆಯಲ್ಲಿ ನೀರು ಕೊಟ್ಟ ಕರ್ತನಿಗೆ ಸ್ತೋತ್ರ ಹೇಳಿದರು. ಅರ್ಜಿಯ ಸುದ್ದಿ ಎತ್ತಲಿಲ್ಲ. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕರ್ತನು ಬರುತ್ತಾನೆಂದು ನಾನೂ ನಂಬುತ್ತೇನೆ. ಅನ್ಯಾಯಕ್ಕೆ ಲೆಕ್ಕ ಕೇಳುವವನೊಬ್ಬ ಇದ್ದಾನೆ ಎಂಬ ಧೈರ್ಯದಲ್ಲೇ ನಾನು ಆ ಕಚೇರಿಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತದ್ದು. ಬಡವರಿಗೆ ಬೆನ್ನೆಲುಬಾಗಬೇಕಾದ ಇಂಥ ನಂಬಿಕೆಯನ್ನು ತೋರಿಸಿ ಅವರನ್ನೇ ಸುಮ್ಮನೆ ಕೂರಿಸುತ್ತಾರಲ್ಲ, ಅದನ್ನು ನನ್ನಿಂದ ಕ್ಷಮಿಸಲಾಗುತ್ತಿಲ್ಲ.

ಸಭೆಗೆ ಈಗಲೂ ಹೋಗುತ್ತೇನೆ. ಅಕ್ಕನೂ ಬರುತ್ತಾಳೆ, ನನ್ನ ಪಕ್ಕದಲ್ಲಲ್ಲ, ಎರಡು ಸಾಲು ಮುಂದೆ ಕೂರುತ್ತಾಳೆ.